ಅಮಾವಾಸ್ಯೆ ರಾತ್ರಿಗೆ ಯಾವ ಟಾರ್ಚ್? ಮಧುಗಿರಿ ಬಂಡೆಯ ಮೇಲೆ ಹಿಡಿದು ನೋಡಿದ ಹೋಲಿಕೆ

ಟಾರ್ಚ್ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ ಲ್ಯೂಮೆನ್ (ಟಾರ್ಚ್ ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಎಂಬ) ಲೆಕ್ಕವನ್ನು ಲೈಟ್ ಪೇಂಟಿಂಗ್ ಮಾಡುವವರು ನೋಡದಿದ್ದರೂ ನಡೆಯುತ್ತದೆ. ಕ್ಯಾಮೆರಾದ ಶಟರ್ ಅರ್ಧ ನಿಮಿಷ ತೆರೆದಿಟ್ಟು, ಕತ್ತಲಲ್ಲಿ ಬಂಡೆಗೋ ಮರಕ್ಕೋ ಬೆಳಕು ಬಳಿಯುವ ಹುಚ್ಚು ನಮ್ಮದು. ಅದಕ್ಕೆ ಬೇಕಾದ ಗುಣಗಳೇ ಬೇರೆ: ಬೆಳಕಿನ ಬಣ್ಣ ಹೇಗಿದೆ, ಅಂಚು ಎಷ್ಟು ಮೃದು, ಎಷ್ಟು ಸಣ್ಣಗೆ ಉರಿಯಬಲ್ಲದು, ಸ್ವಿಚ್ ಹೇಳಿದ ಮಾತು ಕೇಳುತ್ತದೆಯೇ. ಇವು ಯಾವುವೂ ಡಬ್ಬಿಯ ಮೇಲೆ ಇರುವುದಿಲ್ಲ. ಹಾಗಾಗಿ ಮನೆಯಲ್ಲಿದ್ದವು, ಬೇಡಿ ತಂದವು, ಕೊಂಡವು ಎಲ್ಲವನ್ನೂ ಒಂದೇ ಜಾಗದಲ್ಲಿ, ಒಂದೇ ಕಲ್ಲಿನ ಮೇಲೆ ಹಿಡಿದು ನೋಡಿದೆ.

ಜಾಗ ಮಧುಗಿರಿ ತಾಲ್ಲೂಕಿನಲ್ಲಿ ನಮ್ಮ ಭಾವನ ಹೊಲದ ಹಿಂದಿನ ಹಾಸುಬಂಡೆ. ಅದರ ಮೇಲೆ ಮನೆಯೆತ್ತರದ ಎರಡು ಗುಂಡು, ಪಕ್ಕಕ್ಕೆ ಮಳೆನೀರು ನಿಲ್ಲುವ ಒಂದು ದೊಣೆ, ಒಂದು ಹುಣಸೆ ಮರ. ಮಧುಗಿರಿ ಬೆಟ್ಟಕ್ಕೇ ಹೋಗಬಾರದೇ ಎಂದು ಕೇಳುವವರಿದ್ದಾರೆ. ಬೆಟ್ಟದ ಮೇಲಿನ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ರಾತ್ರಿ ಹತ್ತುವಂತಿಲ್ಲ. ದೂರ ನಿಂತು ಟಾರ್ಚ್ ಹಿಡಿದು ಬೆಟ್ಟ ಬೆಳಗುತ್ತೇನೆ ಅನ್ನುವುದೂ ಆಗದ ಮಾತು. ದೂರ ಎರಡು ಪಟ್ಟಾದರೆ ಕಲ್ಲಿನ ಮೇಲೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಬೆಟ್ಟ ಹಿಂದೆ ಕಪ್ಪಗೆ ಕೂತಿರಲಿ, ಊರಿನ ದೀಪಗಳ ಮಬ್ಬು ಅದರ ಅಂಚು ತೋರಿಸಲಿ. ನಾವು ಮುಂದಿನ ಗುಂಡನ್ನು ನೋಡಿಕೊಂಡರೆ ಸಾಕು.

ಆ ಗುಂಡೂ ಸಾಮಾನ್ಯದ್ದಲ್ಲ. ಈ ಭಾಗದ್ದು ಕ್ಲೋಸ್‌ಪೇಟ್ ಗ್ರಾನೈಟ್. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರನ್ನು ಹೊತ್ತ, ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ. ಉಗುರಗಲದ ನಸುಗೆಂಪು ಫೆಲ್ಡ್‌ಸ್ಪಾರ್ ಹರಳು, ಬೂದು ಬೆಣಚು, ಕರಿ ಕಾಗೆಬಂಗಾರ ಒಂದರೊಳಗೊಂದು ಕೂತಿರುತ್ತವೆ. ಟಾರ್ಚ್ ಬಣ್ಣವನ್ನು ನಿಜವಾಗಿ ತೋರಿಸುತ್ತದೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಹಲಗೆ ನನಗೆ ಸಿಕ್ಕಿಲ್ಲ.

ಕ್ಯಾಮೆರಾ ಎರಡು ರೀತಿಯಲ್ಲಿ ಇಟ್ಟೆ. ಕಲ್ಲಿಗೆ ಮಾತ್ರ: ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕ) 200, ಎಫ್ (ಅಪರ್ಚರ್, ಅಂದರೆ ಲೆನ್ಸಿನ ಬಾಯಿಯ ಅಳತೆ; ಅಂಕ ಸಣ್ಣದಾದಷ್ಟು ಬಾಯಿ ದೊಡ್ಡದು) 8, 30 ಸೆಕೆಂಡ್. ಕಲ್ಲಿನ ಜೊತೆ ನಕ್ಷತ್ರವೂ ಬೇಕಾದಾಗ: ಐಎಸ್‌ಒ 1600, ಎಫ್ 2.8, 20 ಸೆಕೆಂಡ್. ವೈಟ್ ಬ್ಯಾಲೆನ್ಸ್, ಅಂದರೆ ಯಾವುದು ಬಿಳಿ ಎಂದು ಕ್ಯಾಮೆರಾಗೆ ಹೇಳುವ ಸೆಟ್ಟಿಂಗ್, ಎರಡಕ್ಕೂ 4,200 ಕೆಲ್ವಿನ್‌ಗೆ (ಬೆಳಕಿನ ಬಣ್ಣದ ಅಳತೆ; ಅಂಕ ಹೆಚ್ಚಿದಷ್ಟು ಬೆಳಕು ನೀಲಿ) ಕಟ್ಟಿಹಾಕಿದೆ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಪ್ರತಿ ಚಿತ್ರಕ್ಕೂ ತನಗೆ ತೋಚಿದಂತೆ ಬಣ್ಣ ತಿದ್ದಿ ಹೋಲಿಕೆಯನ್ನೇ ಕೆಡಿಸುತ್ತದೆ. ಈ ಎರಡು ಸೆಟ್ಟಿಂಗ್‌ಗಳ ನಡುವಿನ ಅಂತರವನ್ನು ಗಮನಿಸಬೇಕು. ಅಪರ್ಚರ್‌ನಿಂದ ಎಂಟು ಪಟ್ಟು, ಐಎಸ್‌ಒದಿಂದ ಎಂಟು ಪಟ್ಟು, ಒಟ್ಟು 64 ಪಟ್ಟು. ಮೊದಲನೆಯದರಲ್ಲಿ ಕಲ್ಲಿಗೆ ಎಂಟು ಸೆಕೆಂಡ್ ಬಳಿದರೆ ಸಾಕಾಗುವ ಟಾರ್ಚ್, ಎರಡನೆಯದರಲ್ಲಿ ಒಂದು ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಅದೇ ಕೆಲಸ ಮುಗಿಸಿರುತ್ತದೆ. ಅಷ್ಟರಲ್ಲಿ ಯಾರ ಕೈಯೂ ತಿರುಗುವುದಿಲ್ಲ. ಜೋರು ಟಾರ್ಚ್ ಸೋಲುವುದು ಇಲ್ಲೇ.

ಮೊದಲು ತುಮಕೂರಿನ ಮಂಡಿಪೇಟೆಯಲ್ಲಿ ಕೊಂಡ ಜೂಮ್ ಟಾರ್ಚ್. ಎಲ್ಲರ ಮನೆಯಲ್ಲೂ ಇರುತ್ತದೆ, ಕರಿ ಅಲ್ಯೂಮಿನಿಯಂ ಮೈ, ತಲೆಯನ್ನು ಹಿಂದೆ ಮುಂದೆ ಎಳೆದರೆ ಬೆಳಕು ಹರಡುತ್ತದೆ, ಕೂಡುತ್ತದೆ. ಬೆಲೆ ಇನ್ನೂರರ ಆಸುಪಾಸು. ತಲೆ ಒಳಗಿದ್ದಾಗ ಬೆಳಕು ತಟ್ಟೆಯಂತೆ ಸಮನಾಗಿ ಬೀಳುತ್ತದೆ, ಅದು ಒಳ್ಳೆಯದೇ, ಆದರೆ ಅದರ ಅಂಚು ಕತ್ತರಿಸಿದಂತೆ ಇರುವುದರಿಂದ ಕಲ್ಲಿನ ಮೇಲೆ ಒಂದು ಸುತ್ತಿನ ಪಕ್ಕ ಇನ್ನೊಂದು ಸುತ್ತಿನ ಗೆರೆ ಉಳಿಯುತ್ತದೆ. ತಲೆ ಹೊರಗೆ ಎಳೆದರೆ ಎಲ್‌ಇಡಿಯ ಚೌಕಾಕಾರವೇ ಬಂಡೆಯ ಮೇಲೆ ಮೂಡುತ್ತದೆ. ಬಣ್ಣವಂತೂ ನೀಲಿ, ಫೆಲ್ಡ್‌ಸ್ಪಾರ್‌ನ ಕೆಂಪೆಲ್ಲ ಹೋಗಿ ಗುಂಡು ಸಿಮೆಂಟ್ ಬಳಿದ ನೀರಿನ ಟ್ಯಾಂಕ್‌ನ ಹಾಗೆ ಕಂಡಿತು.

ಬಿಳಿ ಎಲ್‌ಇಡಿ ಹುಟ್ಟಿದ ರೀತಿಯಲ್ಲೇ ಇದಕ್ಕೆ ಕಾರಣವಿದೆ. ಒಳಗಿರುವುದು ನೀಲಿ ಎಲ್‌ಇಡಿ; ಅದರ ಮೇಲೆ ಹಳದಿ ಫಾಸ್ಫರ್ ಲೇಪ. ನೀಲಿಯೂ ಹಳದಿಯೂ ಬೆರೆತು ಕಣ್ಣಿಗೆ ಬಿಳಿ ಅನ್ನಿಸುತ್ತದೆ. ಆ ನೀಲಿ ಎಲ್‌ಇಡಿಗಾಗಿಯೇ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ 2014ರ ಭೌತಶಾಸ್ತ್ರ ನೊಬೆಲ್ ಬಂತು. ಅಗ್ಗದ ಟಾರ್ಚ್‌ಗಳಲ್ಲಿ ಲೇಪ ತೆಳು, ನೀಲಿ ಜಾಸ್ತಿ, ಗಾಢ ಕೆಂಪು ಇಲ್ಲವೆನ್ನುವಷ್ಟು ಕಡಿಮೆ. ಇಲ್ಲದ ಕೆಂಪನ್ನು ಕಲ್ಲು ಎಲ್ಲಿಂದ ವಾಪಸು ಕೊಟ್ಟೀತು? ಕಂಪ್ಯೂಟರಿನಲ್ಲಿ ಎಷ್ಟೇ ತಿದ್ದಿದರೂ ಕಲ್ಲು ಹಳದಿಯಾಯಿತೇ ಹೊರತು ಕೆಂಪಾಗಲಿಲ್ಲ.

ಜೂಮ್ ಟಾರ್ಚ್‌ನ ನಿಜವಾದ ಕಾಟ ಸ್ವಿಚ್. ಜೋರು, ಮಧ್ಯಮ, ಸಣ್ಣ, ಮಿಣುಕು, ಎಸ್‌ಒಎಸ್ (ಅಪಾಯದ ಸಂಕೇತ) ಎಂದು ಐದು ಮೋಡ್. ಆರಿಸಿ ಹತ್ತಿಸಿದಾಗಲೆಲ್ಲ ಮುಂದಿನದಕ್ಕೆ ಹಾರುತ್ತದೆ. ಇಪ್ಪತ್ತು ಸೆಕೆಂಡ್ ಜಾಗ್ರತೆಯಿಂದ ಮರ ಬೆಳಗಿ, ಗುಂಡಿನ ಕಡೆ ತಿರುಗಿ ಒತ್ತಿದರೆ ಪಟಪಟ ಮಿಣುಕು ಶುರು, ಚಿತ್ರ ಕೈಬಿಟ್ಟಂತೆಯೇ. ಸಣ್ಣ ಮೋಡ್‌ನಲ್ಲಿ ಇನ್ನೊಂದು ತೊಡಕು. ಬೆಳಕನ್ನು ನಿಜವಾಗಿ ತಗ್ಗಿಸುವ ಬದಲು ಎಲ್‌ಇಡಿಯನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹತ್ತಿಸುತ್ತದೆ. ಇದಕ್ಕೆ ಪಿಡಬ್ಲ್ಯೂಎಂ ಅನ್ನುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಟಾರ್ಚ್ ಬೀಸಿ ಗಾಳಿಯಲ್ಲಿ ಗೆರೆ ಎಳೆದಾಗ ಗೆರೆ ತುಂಡು ತುಂಡಾಗಿ ಬರುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ನೋಡಬಹುದು: ಮೊಬೈಲ್ ಕ್ಯಾಮೆರಾವನ್ನು ಪ್ರೊ ಮೋಡ್‌ನಲ್ಲಿ ಅರ್ಧ ಸೆಕೆಂಡಿಗೆ ಇಟ್ಟು, ಟಾರ್ಚನ್ನು ಅದರ ಮುಂದೆ ಜೋರಾಗಿ ಬೀಸಿ. ಅಖಂಡ ಗೆರೆ ಬಂದರೆ ಸರಿ. ಚುಕ್ಕಿ ಚುಕ್ಕಿ ಬಂದರೆ ಅದು ಹಿತ್ತಲಿಗೆ ಹೋಗಿಬರಲು ಲಾಯಕ್ಕು.

ಎರಡನೆಯದು ಭಾವನ ದೊಡ್ಡ ಟಾರ್ಚ್. ತ್ರೀಫೇಸ್ ಕರೆಂಟು ನಡುರಾತ್ರಿ ಕೊಟ್ಟಾಗ ಮೋಟರ್ ಹಾಕಲು ಹೋಗುವವರ ಕೈಯಲ್ಲಿರುತ್ತದಲ್ಲ, ಹಿಡಿಕೆಯ, ಚಾರ್ಜ್ ಹಾಕುವ, ಅಗಲ ಬಾಯಿಯ ಟಾರ್ಚ್, ಅದೇ. "ಅಲ್ಲಪ್ಪಾ, ಇಂಥ ಟಾರ್ಚ್ ಮನೇಲಿ ಇಟ್ಕೊಂಡು ಬೆರಳುದ್ದದ ಟಾರ್ಚಿಗೆ ಸಾವಿರಗಟ್ಟಲೆ ಸುರೀತೀಯಲ್ಲ" ಎಂದು ಭಾವನ ಆಕ್ಷೇಪ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆಳವಾದ ಪ್ರತಿಫಲಕ ಇರುವುದರಿಂದ ಬೆಳಕು ದೂರ ಓಡುತ್ತದೆ. ಹೊಲದಾಚೆಯ ಗುಂಡನ್ನು ಮುಟ್ಟಿದ್ದು ಇದೊಂದೇ. ಸ್ವಿಚ್ ಆನ್, ಆಫ್ ಅಷ್ಟೇ, ನಡುವೆ ಯಾವ ಜಾಣತನವೂ ಇಲ್ಲ. ಹತ್ತಿರದ ಕಲ್ಲಿಗೆ ಹಿಡಿದರೆ ಮಾತ್ರ ಕಷ್ಟ: ನಡುವೆ ಕಣ್ಣು ಕುಕ್ಕುವ ಬಿಳಿ ಚುಕ್ಕೆ, ಸುತ್ತ ಮಬ್ಬು ಬಳೆ. ಬಳಿದ ದಾರಿಯೆಲ್ಲ ಕಲೆ ಕಲೆ. ಬಾಯಿಗೆ ಎರಡು ಪದರ ಬಟರ್ ಪೇಪರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದಾಗ ಆ ಚುಕ್ಕೆ ಕರಗಿತು, ಬೆಳಕು ಎಷ್ಟೋ ಮೆತ್ತಗಾಯಿತು. ಆದರೂ ನಕ್ಷತ್ರದ ಸೆಟ್ಟಿಂಗ್‌ನಲ್ಲಿ ಇದನ್ನು ನೇರವಾಗಿ ಕಲ್ಲಿಗೆ ಹಿಡಿಯುವುದು ಬೇಡ. ಹಾಸುಬಂಡೆಗೆ ಹಿಡಿದು, ಅಲ್ಲಿಂದ ಚಿಮ್ಮಿದ ಬೆಳಕು ಗುಂಡಿಗೆ ತಾಕುವಂತೆ ಮಾಡಿದೆ; ಅದು ಚೆನ್ನಾಗಿಯೇ ಬಂತು.

ಇನ್ನೊಂದು ಕಾರಣಕ್ಕೂ ಈ ಟಾರ್ಚ್ ಜೊತೆಗಿರಲೇಬೇಕು. ಮಧುಗಿರಿ ಸುತ್ತಿನ ಬೆಟ್ಟಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಶಟರ್ ಒತ್ತುವ ಮೊದಲು ಪೊದೆಗಳ ಮೇಲೆ ಒಂದು ಸುತ್ತು ದೊಡ್ಡ ಬೆಳಕು ಆಡಿಸದೆ ನಾನು ಬಂಡೆ ಬಿಟ್ಟು ಇಳಿಯುವುದಿಲ್ಲ. ಒಬ್ಬರೇ ಹೋಗುವುದಂತೂ ಬೇಡವೇ ಬೇಡ.

ಮೂರನೆಯದೇ ಭಾವ ಆಡಿಕೊಂಡ ಬೆರಳುದ್ದದ ಟಾರ್ಚ್. 18650 ಸೆಲ್ (ಚಾರ್ಜ್ ಹಾಕುವ ಲಿಥಿಯಂ ಸೆಲ್) ಒಂದು, ನಿಚಿಯಾ ಕಂಪನಿಯ 519ಎ ಎಲ್‌ಇಡಿ, 4,000 ಕೆಲ್ವಿನ್, ಸಿಆರ್‌ಐ 90ಕ್ಕೆ ಮೇಲೆ. ಸಿಆರ್‌ಐ ಅಂದರೆ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ, ನೂರಕ್ಕೆ ನೂರು ಅಂದರೆ ಹಳೆಯ ತಂತಿ ಬಲ್ಬು. ತುಮಕೂರಿನಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಇರಲಿಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕಾಯಿತು. ಜೂಮ್ ಟಾರ್ಚ್‌ಗಿಂತ ಹತ್ತು ಪಟ್ಟು ದುಬಾರಿ. ಅದರ ಬೆಳಕು ಬಿದ್ದ ಕೂಡಲೇ ಕಲ್ಲಿನೊಳಗಿನ ನಸುಗೆಂಪು ಹರಳುಗಳು ಒಂದೊಂದಾಗಿ ಎದ್ದು ಬಂದವು, ಹುಣಸೆ ಎಲೆಯ ಹಸಿರು ಹಸಿರಾಗಿಯೇ ಉಳಿಯಿತು. ಜೋರಿನಲ್ಲಿ ಇದು ಭಾವನ ಟಾರ್ಚ್‌ಗೆ ಸಮನಲ್ಲ. ಬೇಕಾಗಿಯೂ ಇಲ್ಲ. ಇದರ ಅತಿ ಸಣ್ಣ ಮೋಡ್‌ನಲ್ಲಿ, ನಕ್ಷತ್ರದ ಸೆಟ್ಟಿಂಗ್ ಇಟ್ಟುಕೊಂಡೇ, ಗುಂಡಿನ ಸುತ್ತ ನಿಧಾನವಾಗಿ ನಡೆದು ಬಳಿಯುವಷ್ಟು ಸಮಯ ಸಿಗುತ್ತದೆ. ಪಿಡಬ್ಲ್ಯೂಎಂ ಇಲ್ಲ, ಗೆರೆ ಅಖಂಡ. ಜೋರು ಮೋಡ್‌ನಲ್ಲಿ ಕೆಲವೇ ನಿಮಿಷಕ್ಕೆ ಮೈ ಕಾದು ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ, ಮೊದಲ ಚಿತ್ರಕ್ಕೂ ಐದನೆಯದಕ್ಕೂ ತಾಳೆಯಾಗುವುದಿಲ್ಲ. ಆದರೆ ಈ ಕೆಲಸದಲ್ಲಿ ಜೋರು ಮೋಡ್ ಮುಟ್ಟುವ ಪ್ರಸಂಗವೇ ಅಪರೂಪ.

ಇದರ ಸ್ವಿಚ್ಚಿಗೆ ಬೇರೆಯಾಗಿ ಅಂಕ ಕೊಡಬೇಕು. ಬಾಲದ ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಉರಿಯುತ್ತದೆ, ಬಿಟ್ಟರೆ ಆರುತ್ತದೆ. ಗಾಳಿಯಲ್ಲಿ ಕನ್ನಡ ಬರೆಯಲು ಹೊರಟಾಗ ಇದರ ಬೆಲೆ ಗೊತ್ತಾಯಿತು. ನಮ್ಮ ಅಕ್ಷರಗಳು ದುಂಡು, 'ಂ'ನಂಥದ್ದನ್ನು ಒಂದೇ ಬೀಸಿಗೆ ಬರೆಯಬಹುದು. ತಲೆಕಟ್ಟಿಗೆ, ಒತ್ತಕ್ಷರಕ್ಕೆ ಮಾತ್ರ ಕೈ ಎತ್ತಲೇಬೇಕು. ಕತ್ತಲಲ್ಲಿ ಕೈ ಎತ್ತುವುದೆಂದರೆ ಬೆಳಕು ಆರಿಸುವುದು. ಜೂಮ್ ಟಾರ್ಚ್‌ನಲ್ಲಿ 'ಮಧುಗಿರಿ' ಬರೆಯಲು ಹೋದರೆ ಪ್ರತಿ ಅಕ್ಷರಕ್ಕೂ ಮೋಡ್ ಬದಲಾಗಿ ಕಾಗೆ ಕಾಲು ಗುಬ್ಬಿ ಕಾಲು. ಅಂದಹಾಗೆ, ಕ್ಯಾಮೆರಾಗೆ ಮುಖ ಮಾಡಿ ನಿಂತು ಬರೆದದ್ದು ಚಿತ್ರದಲ್ಲಿ ತಿರುಗುಮುರುಗಾಗಿ ಬರುತ್ತದೆ. ಕನ್ನಡಿ ಬರಹ ಕಲಿಯುವ ಸರ್ಕಸ್ ಬೇಡ, ಸುಮ್ಮನೆ ಬರೆದು ಆಮೇಲೆ ಚಿತ್ರವನ್ನೇ ಅಡ್ಡ ಮಗುಚಿದರಾಯಿತು. ಫೋಟೊಗ್ರಾಫರ್ ಜಾನ್ ಮಿಲಿ 1949ರಲ್ಲಿ ಪಿಕಾಸೊ ಗಾಳಿಯಲ್ಲಿ ಬಿಡಿಸಿದ ಚಿತ್ರಗಳನ್ನು ಹಿಡಿದಾಗ ಪಿಕಾಸೊ ಕೈಯಲ್ಲಿದ್ದದ್ದು ಒಂದು ಪುಟ್ಟ ವಿದ್ಯುತ್ ದೀಪ ಅಷ್ಟೇ. ಲೆನ್ಸಿಗೆ ನೇರ ಮುಖ ಮಾಡಿದ ಬೆಳಕಿಗೆ ಜೋರು ಬೇಕಾಗುವುದೇ ಇಲ್ಲ.

ಮೊಬೈಲ್ ಟಾರ್ಚ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲ ಕಡೆಗೂ ಚೆಲ್ಲುತ್ತದೆ, ಬಳಿಯುವವರ ಕೈ, ಅಂಗಿ ಎಲ್ಲವೂ ಚಿತ್ರದಲ್ಲಿ ಮೂಡುತ್ತವೆ. ಎರಡು ಹೆಜ್ಜೆ ದೂರದ ದೊಣೆಯ ನೀರನ್ನು ತುಸು ಬೆಳಗಲು ಆದೀತು. ಹಣೆಗೆ ಕಟ್ಟುವ ಟಾರ್ಚ್‌ನದೂ ಇದೇ ಕಥೆ; ಕೆಂಪು ಬೆಳಕು ಇರುವಂಥದ್ದಾದರೆ ದಾರಿ ನೋಡಲು, ಕ್ಯಾಮೆರಾದ ಗುಂಡಿ ಹುಡುಕಲು ಒಳ್ಳೆಯದು, ಕತ್ತಲಿಗೆ ಒಗ್ಗಿದ ಕಣ್ಣು ಕೆಡುವುದಿಲ್ಲ.

ಅಟ್ಟದಿಂದ ಇಳಿಸಿದ ಎರಡು ಸೆಲ್‌ನ ಹಳೆಯ ಸ್ಟೀಲ್ ಟಾರ್ಚ್ ಅಚ್ಚರಿ ತಂದಿತು. ತಂತಿ ಬಲ್ಬಿನ ಬೆಳಕು ಕಿತ್ತಳೆ, ನಡುವೆ ಕಪ್ಪು ತೂತು, ಸುತ್ತ ಉಂಗುರಗಳು. ಕಲ್ಲಿಗೆ ಬೇಡ. ಹುಣಸೆಯ ಕಾಂಡಕ್ಕೆ ಬಗಲಿನಿಂದ ಹಿಡಿದಾಗ ಮಾತ್ರ ತೊಗಟೆಯ ಒಂದೊಂದು ಬಿರುಕೂ ಕಾಣುವಂತೆ ಬಂತು. ಬಗಲು ಅನ್ನುವುದು ಮುಖ್ಯ. ಯಾವ ಟಾರ್ಚ್ ಆದರೂ ಕ್ಯಾಮೆರಾ ಪಕ್ಕದಲ್ಲೇ ನಿಂತು ಹಿಡಿದರೆ ನೆರಳು ಬೀಳದೆ ಎಲ್ಲ ಚಪ್ಪಟೆಯಾಗುತ್ತದೆ.

ಬಣ್ಣದ ಬೆಳಕಿನಲ್ಲಿ ಹೋಲಿಕೆ ತಲೆಕೆಳಗಾಯಿತು. ಸ್ಟೇಷನರಿ ಅಂಗಡಿಯ ಬಣ್ಣದ ಜಿಲೆಟಿನ್ ಕಾಗದವನ್ನು ಎಲ್ಲ ಟಾರ್ಚ್‌ಗಳ ಬಾಯಿಗೂ ಕಟ್ಟಿದೆ. ನೀಲಿ ಕಾಗದಕ್ಕೆ ಗೆದ್ದದ್ದು ಆ ಇನ್ನೂರರ ಜೂಮ್ ಟಾರ್ಚ್. ಅದರಲ್ಲಿ ಇರುವುದೇ ನೀಲಿ. ನಿಚಿಯಾ ಟಾರ್ಚ್‌ಗೆ ಅದೇ ಕಾಗದ ಕಟ್ಟಿದರೆ ಬೆಳಕು ಮಂಕು. ಕೆಂಪಿಗೆ ಬಂದಾಗ ಜೂಮ್‌ನದು ಸೋತ ಕಿತ್ತಳೆ, ನಿಚಿಯಾದು ಕುಂಕುಮದ ಕೆಂಪು. ಬಣ್ಣ ಬದಲಾಯಿಸುವ ಆರ್‌ಜಿಬಿ ಕೋಲನ್ನೂ ಸ್ನೇಹಿತರೊಬ್ಬರಿಂದ ತಂದು ನೋಡಿದೆ. ಗಾಳಿಯಲ್ಲಿ ಬೀಸಿದರೆ ಪಟ್ಟೆ ಪಟ್ಟೆಯಾಗಿ ರೇಷ್ಮೆ ಸೀರೆಯ ಸೆರಗು ಹರಡಿದಂತಹ ಚಿತ್ರ ಬರುತ್ತದೆ, ನೋಡಿದವರೆಲ್ಲ ವಾಹ್ ಅನ್ನುತ್ತಾರೆ. ಹತ್ತು ಚಿತ್ರ ಆದಮೇಲೆ ಎಲ್ಲವೂ ಒಂದೇ ಥರ, ಕಲ್ಲು ಎಲ್ಲಿ ಹೋಯಿತು ಎಂದು ಹುಡುಕಬೇಕು. ನನ್ನ ರುಚಿಗೆ ಹಿಡಿಸಲಿಲ್ಲ. ಮದುವೆ ಫೋಟೊ ತೆಗೆಯುವವರಿಗೆ ಉಪಯೋಗಕ್ಕೆ ಬಂದೀತು. ಸ್ಟೀಲ್ ವೂಲ್‌ಗೆ (ಉಕ್ಕಿನ ನವಿರು ಎಳೆಗಳ ಉಂಡೆಗೆ) ಬೆಂಕಿ ಹಚ್ಚಿ ತಿರುಗಿಸುವ ಆಟವನ್ನು ಈ ಸಾಲಿಗೆ ಸೇರಿಸಿಯೇ ಇಲ್ಲ. ಶಿವರಾತ್ರಿ ಹೊತ್ತಿಗೆ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು.

ಒಂದೇ ಕೊಳ್ಳುವುದಾದರೆ 4,000 ಕೆಲ್ವಿನ್, ಸಿಆರ್‌ಐ 90ರ ಮೇಲಿನ, ಅರ್ಧ ಒತ್ತಿದರೆ ಉರಿಯುವ ಸಣ್ಣ ಟಾರ್ಚ್ ಕೊಳ್ಳಿ. ಅಷ್ಟು ದುಡ್ಡು ಬೇಡ ಅನ್ನುವವರು ಆನ್, ಆಫ್ ಎರಡೇ ಇರುವ ಹಳ್ಳಿ ಟಾರ್ಚ್ ತಂದು ಬಟರ್ ಪೇಪರ್ ಕಟ್ಟಿಕೊಳ್ಳಿ, ಐದು ಮೋಡ್‌ನದಕ್ಕಿಂತ ಅದು ವಾಸಿ. ಸೆಲ್ ಕೊಳ್ಳುವಾಗ ಮಾತ್ರ ಹುಷಾರು: 18650 ಸೆಲ್‌ನ ಮೇಲೆ 9,900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಅಚ್ಚಾಗಿದ್ದರೆ ಅದು ಸುಳ್ಳು. ಒಳ್ಳೆಯ ಸೆಲ್‌ಗಳೇ 3,500ರ ಆಸುಪಾಸಿನವು, ತೂಕ 45 ಗ್ರಾಂನ ಆಚೀಚೆ. ಅನುಮಾನವಿದ್ದರೆ ಪಕ್ಕದ ಚಿನ್ನದಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ, ಮೂವತ್ತಕ್ಕಿಂತ ಕಡಿಮೆ ಬಂದರೆ ವಾಪಸು ಕೊಟ್ಟುಬಿಡಿ.