ಹುಣ್ಣು ತೂತಾದಾಗ ನಾನು ಲ್ಯಾಪರೊಸ್ಕೋಪಿಯನ್ನೇ ಏಕೆ ಆರಿಸುತ್ತೇನೆ

ಜಠರದ ಅಥವಾ ಡುಯೊಡಿನಂನ (ಸಣ್ಣ ಕರುಳಿನ ಮೊದಲ ಭಾಗದ) ಹುಣ್ಣು ತೂತಾಗಿ ಬಂದವರಿಗೆ ಹೊಟ್ಟೆ ತೆರೆದೂ ಹೊಲಿದಿದ್ದೇನೆ, ಲ್ಯಾಪರೊಸ್ಕೋಪಿಯಲ್ಲೂ, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣ ತೂರಿಸಿಯೂ, ಹೊಲಿದಿದ್ದೇನೆ. ರಕ್ತದೊತ್ತಡ ಸ್ಥಿರವಾಗಿರುವ ರೋಗಿಗೆ ನನ್ನ ಆಯ್ಕೆ ಎರಡನೆಯದೇ. ಒಳಗಿನ ಕೆಲಸ ಎರಡರಲ್ಲೂ ಒಂದೇ. ಒಮೆಂಟಮ್ ಎಂಬ ಕೊಬ್ಬಿನ ಪರದೆಯಿಂದ ತೂತು ಮುಚ್ಚುವ ವಿಧಾನವನ್ನು ಕೆನಡಾದ ಶಸ್ತ್ರವೈದ್ಯ ರಾಸ್ಕೋ ಗ್ರಹಾಂ 1937ರಲ್ಲಿ ವಿವರಿಸಿದರು. ಅದನ್ನೇ ತುಸು ಮಾರ್ಪಡಿಸಿ ಇಂದಿಗೂ ಮಾಡುತ್ತೇವೆ.

ಲ್ಯಾಪರೊಸ್ಕೋಪಿಯಲ್ಲಿ ಕಾಡುವುದು ಗಂಟು. ತೂತಿನ ಅಂಚು ಊದಿ ಮೆತ್ತಗಾಗಿರುತ್ತದೆ. ದಾರವನ್ನು ತುಸು ಹೆಚ್ಚು ಬಿಗಿದರೂ ನೆನೆದ ಕಾಗದದಂತೆ ಹರಿಯುತ್ತದೆ. ತೆರೆದ ಹೊಟ್ಟೆಯಲ್ಲಾದರೆ ಎಷ್ಟು ಬಿಗಿಯಬೇಕೆಂದು ಬೆರಳಿಗೇ ತಿಳಿಯುತ್ತದೆ. ಉದ್ದನೆಯ ಉಪಕರಣದ ತುದಿಯಲ್ಲಿ ಆ ಸ್ಪರ್ಶ ಸಿಗದು, ಕಣ್ಣನ್ನೇ ನೆಚ್ಚಬೇಕು. ಎರಡನೆಯ ಸುತ್ತು ಹಾಕುವಷ್ಟರಲ್ಲಿ ಮೊದಲನೆಯದು ಸಡಿಲವಾಗುತ್ತದೆ. ಸರಿಪಡಿಸಲು ಎಳೆದರೆ ತೂತು ಇನ್ನಷ್ಟು ಅಗಲವಾಗುತ್ತದೆ.

ಹಾಗಾಗಿ ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಆಚೆ, ಗಟ್ಟಿಯಾದ ಗೋಡೆಯಲ್ಲೇ ಸೂಜಿ ಚುಚ್ಚುತ್ತೇನೆ. ಎರಡೂ ಬದಿಯನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ. ಸೂಜಿಯನ್ನು ತೂತಿನಿಂದ ಹೊರತೆಗೆದು ಮತ್ತೆ ಚುಚ್ಚುತ್ತೇನೆ, ಇಲ್ಲದಿದ್ದರೆ ಹಿಂಬದಿಯ ಗೋಡೆಯೂ ಹೊಲಿಗೆಗೆ ಸಿಕ್ಕಿಬಿಡುವ ಅಪಾಯವಿದೆ. ಅಂಚುಗಳನ್ನು ಎಳೆದು ಕೂಡಿಸುವ ಹಟ ಬೇಡ. ಒಮೆಂಟಮ್ ಹೊದಿಸಿ ಅದರ ಮೇಲೆಯೇ ಗಂಟು ಕಟ್ಟಿದರೆ ಸಾಕು. ಗಂಟಿನಡಿಯ ಕೊಬ್ಬು ಕಪ್ಪಿಟ್ಟರೆ ರಕ್ತ ಹರಿಯುತ್ತಿಲ್ಲವೆಂದೇ ಅರ್ಥ. ಬಿಚ್ಚಿ ಮತ್ತೆ ಕಟ್ಟುತ್ತೇನೆ.

ಇಷ್ಟೆಲ್ಲ ಪಾಡು ಏಕೆಂದರೆ ಗಾಯಕ್ಕಾಗಿ. ಕೀವು ತುಂಬಿದ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದರೆ ಆ ಗಾಯವೇ ಸೋಂಕಿಗೆ ದಾರಿ, ಮುಂದೆ ಆ ಜಾಗದಲ್ಲಿ ಕರುಳು ಉಬ್ಬಿ ಬರುವ ಹರ್ನಿಯಾಕ್ಕೂ ದಾರಿ. ಸಣ್ಣ ರಂಧ್ರಗಳಲ್ಲಿ ಅದು ಕಡಿಮೆ, ನೋವೂ ಕಡಿಮೆ. ನೋವಿಲ್ಲದೆ ಆಳವಾಗಿ ಉಸಿರೆಳೆದು ಕೆಮ್ಮಬಲ್ಲ ರೋಗಿಯ ಶ್ವಾಸಕೋಶದ ಚಿಂತೆಯೂ ನನಗೆ ಕಡಿಮೆ.

ಹೊಲಿಗೆ ಸೋರುವ ಭಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಮಯ ಮತ್ತು ಉಪಕರಣದ ಖರ್ಚಿನಲ್ಲಿ ತೆರೆದ ವಿಧಾನವೇ ಮುಂದು.

ಒಂದು ಕಾಲದಲ್ಲಿ ಆಮ್ಲ ತಗ್ಗಿಸಲು, ಅದನ್ನು ಸ್ರವಿಸುವಂತೆ ಜಠರವನ್ನು ಪ್ರಚೋದಿಸುವ ವೇಗಸ್ ನರವನ್ನೂ ಕತ್ತರಿಸುತ್ತಿದ್ದರು. ಆಮ್ಲ ತಗ್ಗಿಸುವ ಔಷಧಗಳು ಬಂದ ಮೇಲೆ, 1982ರಲ್ಲಿ ಆಸ್ಟ್ರೇಲಿಯಾದ ವೈದ್ಯರಾದ ಮಾರ್ಷಲ್ ಮತ್ತು ವಾರೆನ್ ಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾವನ್ನು ಗುರುತಿಸಿದ ಮೇಲೆ, ಅದರ ಅಗತ್ಯ ಬಹುಮಟ್ಟಿಗೆ ತಪ್ಪಿತು. ಆದರೆ ಆ ಬ್ಯಾಕ್ಟೀರಿಯಾಕ್ಕೆ ಔಷಧ ಕೊಡದೆ, ಹುಣ್ಣು ತರುವ ನೋವಿನ ಮಾತ್ರೆ ಬಿಡಿಸದೆ ಮನೆಗೆ ಕಳಿಸಿದರೆ ಯಾವ ಹೊಲಿಗೆಯೂ ಹುಣ್ಣು ಮರುಕಳಿಸುವುದನ್ನು ತಡೆಯದು.

ರೋಗಿ ರಕ್ತದೊತ್ತಡ ಕುಸಿದು ಆಘಾತಸ್ಥಿತಿಯಲ್ಲಿದ್ದರೆ (ಶಾಕ್), ತೂತು ತೀರಾ ದೊಡ್ಡದಿದ್ದರೆ, ಅಥವಾ ಕ್ಯಾಮೆರಾ ಹಿಡಿಯಲು ಪಳಗಿದ ಸಹಾಯಕರು ಆ ರಾತ್ರಿ ಇಲ್ಲದಿದ್ದರೆ, ಹಿಂದುಮುಂದು ನೋಡದೆ ಹೊಟ್ಟೆ ತೆರೆಯುತ್ತೇನೆ.