ಯಾವ ಮದ್ದು ಎಂದು ತೋರಿಸಿ ಹಾಕುವ ಪೆಸ್ಟ್ ಕಂಟ್ರೋಲ್‌ನವರು

ಮುಂಬಯಿಯ ಮುಲುಂಡ್ ಪೂರ್ವದಲ್ಲಿ ನಮ್ಮದೊಂದು ಚಿಕ್ಕ ಹೋಟೆಲ್. ಬೆಳಿಗ್ಗೆ ಇಡ್ಲಿ ವಡೆ ದೋಸೆ, ಮಧ್ಯಾಹ್ನ ರೈಸ್ ಪ್ಲೇಟ್. ಹೋಟೆಲಿನವರಿಗೆ ಜಿರಳೆ ಕಾಟದ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಫುಡ್ ಲೈಸೆನ್ಸಿನ ನಿಯಮದಲ್ಲೂ ಕೀಟ ನಿಯಂತ್ರಣ ಮಾಡಿಸಬೇಕೆಂದಿದೆ. ಇಲ್ಲೇ ಮುಲುಂಡಿನಲ್ಲಿ ಅಣ್ಣ ತಮ್ಮ ಇಬ್ಬರು ಸೇರಿ ನಡೆಸುವ ಸಣ್ಣ ಸಂಸ್ಥೆಯೊಂದಕ್ಕೆ ಈ ಕೆಲಸ ಕೊಟ್ಟು ವರ್ಷ ದಾಟಿತು. ಇವರ ಕೆಲಸ ಹೇಗಿದೆ ಎಂದು ನಮ್ಮ ಕಡೆಯ ಹೋಟೆಲಿನವರು ವಿಚಾರಿಸುತ್ತಲೇ ಇರುತ್ತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹಿಂದೆ ಬರುತ್ತಿದ್ದ ಕಂಪನಿಯವರು, ಹೆಸರು ಬೇಡ, ರಾತ್ರಿ ಶಟರ್ ಎಳೆದ ಮೇಲೆ ಬಂದು ನೆಲ, ಗೋಡೆ, ಮೋರಿ ಎನ್ನದೆ ಪಂಪಿನಿಂದ ಹೊಡೆದು ಹೋಗುತ್ತಿದ್ದರು. ಘಾಟು ಬೆಳಗಿನ ತನಕ ಇಳಿಯುತ್ತಿರಲಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹುಡುಗರು ಮಲಗುವುದು ಅಡುಗೆಮನೆಯ ಮೇಲೆ ಮಾಳ ಎನ್ನುವ ಅಟ್ಟದಲ್ಲೇ. ಒಂದು ರಾತ್ರಿ ಕುಂದಾಪುರ ಕಡೆಯ ನಮ್ಮ ಸಪ್ಲಾಯರ್ ಹುಡುಗನಿಗೆ ತಲೆ ತಿರುಗಿ ವಾಂತಿ ಶುರುವಾಯಿತು, ಕಣ್ಣು ಮೂಗಿನಲ್ಲಿ ಒಂದೇ ಸಮನೆ ನೀರು. ಆಸ್ಪತ್ರೆಗೆ ಎತ್ತಿಕೊಂಡು ಹೋದರೆ ಡಾಕ್ಟರು ಮೊದಲು ಕೇಳಿದ್ದು, ಹೊಡೆದದ್ದು ಯಾವ ಔಷಧ ಎಂದು. ಬಿಲ್ಲಿನಲ್ಲಿದ್ದದ್ದು 'ಪೆಸ್ಟ್ ಕಂಟ್ರೋಲ್ ಚಾರ್ಜ್' ಅಷ್ಟೇ. ಕಂಪನಿಗೆ ಫೋನ್ ಹಚ್ಚಿದರೆ "ಹರ್ಬಲ್ ಹೈ ಅಣ್ಣಾ, ಕುಛ್ ನಹೀಂ ಹೋಗಾ" ಎಂದರು.

ಹುಡುಗ ಹುಷಾರಾದ. ಆ ಡಾಕ್ಟರು ಸಮಾಧಾನದಿಂದ ಕೂರಿಸಿ ವಿವರಿಸಿದ್ದನ್ನು ಎಲ್ಲ ಹೋಟೆಲಿನವರೂ ತಿಳಿದಿರಬೇಕು. ಆರ್ಗನೋಫಾಸ್ಫೇಟ್ ಜಾತಿಯ ವಿಷವಾದರೆ ಅದು ನರಗಳ ಕೆಲಸಕ್ಕೆ ಬೇಕಾದ ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸಣ್ಣದಾಗುತ್ತದೆ, ಸ್ನಾಯು ಅದುರುತ್ತದೆ, ಹೆಚ್ಚಾದರೆ ಉಸಿರೇ ನಿಲ್ಲಬಹುದು. ಅದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ. ಪೈರೆಥ್ರಾಯ್ಡ್ ಜಾತಿಯದಾದರೆ ಅದಕ್ಕೆಂದೇ ಪ್ರತಿವಿಷ ಇಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡಬೇಕು. ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ನನ್ನ ಊರು ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಹತ್ತಿರ. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಸೀಮೆ ಅದು. ಗೇರನ್ನು ಕಾಡುವ ಟೀ ಸೊಳ್ಳೆ ಎಂಬ ಕೀಟಕ್ಕೆಂದು ಬಿಟ್ಟ ಮದ್ದು ಬಾವಿಗೂ ಬಿತ್ತು, ತೋಡಿಗೂ ಬಿತ್ತು. ಆಚೆ ಕಾಸರಗೋಡಿನಲ್ಲೂ 2000ದವರೆಗೆ ಇದೇ ಕಥೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಲ್ಲಿಸಿತು. ಆದರೆ ಎದ್ದು ಕೂರಲಾಗದ ಮಗನನ್ನು ಎತ್ತಿ ಎತ್ತಿಯೇ ಸೊಂಟ ಬಿದ್ದುಹೋದ ತಾಯಂದಿರು ನಮ್ಮ ಕಡೆ ಇನ್ನೂ ಇದ್ದಾರೆ. ವಿಷದ ಹೆಸರು ಕೇಳಿದವನಿಗೆ 'ಏನೂ ಆಗುವುದಿಲ್ಲ' ಎಂಬ ಉತ್ತರ ಸಿಕ್ಕಿದರೆ ಹಾಗೆ ಹೇಳಿದವರನ್ನು ಒಳಗೆ ಬಿಡಬಾರದು ಎಂಬ ನನ್ನ ಹಟ ಬಂದದ್ದು ಅಲ್ಲಿಂದ.

ಈಗಿನವರ ವಿಷಯಕ್ಕೆ ಬರುತ್ತೇನೆ. ಅಣ್ಣ ಮೊದಲ ಸಲ ಬಂದಾಗ ಪಂಪ್ ತರಲಿಲ್ಲ. ಕೈಯಲ್ಲಿ ಒಂದು ಟಾರ್ಚ್. ಗ್ರೈಂಡರಿನ ಅಡಿ, ಫ್ರಿಜ್ಜಿನ ಮೋಟರ್ ಹಿಂದೆ, ಮೋರಿಯ ಒಡೆದ ಟೈಲ್ಸಿನ ಸಂದಿ, ಎಲ್ಲ ಬಗ್ಗಿ ನೋಡಿದ. ಕೃಷಿ ಇಲಾಖೆಯ ಲೈಸೆನ್ಸ್ ಕೇಳುವ ಮೊದಲೇ ತೋರಿಸಿದ. ಬಳಸುವ ಮದ್ದಿನ ಟ್ಯೂಬನ್ನು ನನ್ನ ಕೈಗೇ ಕೊಟ್ಟು ಓದಿ ಎಂದ: ಇಮಿಡಾಕ್ಲೋಪ್ರಿಡ್ 2.15% ಜೆಲ್, ನೋಂದಣಿ ಸಂಖ್ಯೆ, ತಯಾರಿಸಿದ ದಿನಾಂಕ, ವಿಷ ತಾಗಿದರೆ ಏನು ಮಾಡಬೇಕು. ಲೇಬಲ್ಲಿನ ಮೂಲೆಯಲ್ಲಿ ವಜ್ರಾಕೃತಿಯ ಚೌಕ ಇರುತ್ತದಲ್ಲ, ಅದರ ಕೆಳಗಿನ ತ್ರಿಕೋನದ ಬಣ್ಣ ನೋಡಲು ಕಲಿಸಿದ್ದೂ ಅವನೇ. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೆಂದರೆ ವಿಷವೇ ಅಲ್ಲ ಎಂದು ತಿಳಿಯಬೇಡಿ ಎಂದೂ ಹೇಳಿದ. ಆ ಮಾತಿಗೇ ನಾನು ಕೆಲಸ ಕೊಟ್ಟೆ.

ಕೆಲಸ ಮಾಡುವುದು ತಮ್ಮ ಮತ್ತು ಯವತ್ಮಾಳ ಕಡೆಯ ಒಬ್ಬ ಹುಡುಗ. ಸಾಸಿವೆ ಕಾಳಿನಷ್ಟು ಜೆಲ್ಲನ್ನು ಸಿರಿಂಜಿನಂಥ ಟ್ಯೂಬಿನಿಂದ ಕಪಾಟಿನ ಕೀಲಿನ ಸಂದಿಗೆ, ಸ್ವಿಚ್ ಬೋರ್ಡಿನ ಬದಿಗೆ, ಗ್ಯಾಸ್ ಪೈಪ್ ಗೋಡೆ ಹೊಕ್ಕುವ ಜಾಗಕ್ಕೆ ಇಡುತ್ತಾರೆ. ಕೈ, ಪಾತ್ರೆ, ಹಿಟ್ಟು ತಾಗುವ ಜಾಗದಲ್ಲಿ ಒಂದು ಬಿಂದುವೂ ಇಲ್ಲ. ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಮರಿಗಳೂ ಸಾಯುತ್ತವೆ. ಸ್ಪ್ರೇಗೆ ಮೊಟ್ಟೆಯ ಚೀಲದ ಒಳಗೆ ಹೋಗಲಾಗುವುದಿಲ್ಲ, ಹಾಗಾಗಿಯೇ ಹಿಂದಿನವರು ಹೊಡೆದು ಹೋದ ಕೆಲವೇ ವಾರಕ್ಕೆ ಮರಿಗಳ ಹಿಂಡು ಮತ್ತೆ ಬರುತ್ತಿದ್ದದ್ದು. ಜೆಲ್ ಇಟ್ಟ ಮೇಲೆ ಅಲ್ಲಿ ಸ್ಪ್ರೇ ಹೊಡೆಯಬಾರದು, ವಾಸನೆಗೆ ಜಿರಳೆ ಜೆಲ್ಲಿನ ಹತ್ತಿರ ಬರುವುದಿಲ್ಲ. ನಮ್ಮ ಅಡುಗೆಯ ಭಟ್ರಿಗೆ ಇದನ್ನು ಒಪ್ಪಿಸಲು ನನಗೆ ಸಾಕುಸಾಕಾಯಿತು.

ಯವತ್ಮಾಳದ ಹುಡುಗ ಗ್ಲೌಸ್ ಇಲ್ಲದೆ ಟ್ಯೂಬ್ ಮುಟ್ಟುವುದಿಲ್ಲ. 2017ರಲ್ಲಿ ಅವರ ಜಿಲ್ಲೆಯಲ್ಲಿ ಹತ್ತಿಗೆ ಮದ್ದು ಹೊಡೆಯುತ್ತಾ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು. ಆಳೆತ್ತರ ಬೆಳೆದ ಹತ್ತಿಯ ನಡುವೆ ಮಾಸ್ಕ್ ಇಲ್ಲ, ಬರಿಗಾಲು, ಎರಡು ಮೂರು ಮದ್ದು ಬೆರೆಸಿದ ಪಂಪು. ಚಹಾ ಕುಡಿಯುತ್ತಾ ಅವನೇ ಹೇಳಿದ್ದು. ಅವನು ಕೈ ತೊಳೆದು ಅಂಗಿ ಬದಲಿಸಿದ ಮೇಲೆಯೇ ಚಹಾ ಮುಟ್ಟಿದ್ದನ್ನೂ ನೋಡಿದೆ.

ನನಗೆ ಬಹಳ ಹಿಡಿಸಿದ ಇನ್ನೊಂದು ಸಂಗತಿ ಗಟಾರದ್ದು. ದೊಡ್ಡ ಕೆಂಪು ಜಿರಳೆ ಬರುವುದು ಅಲ್ಲಿಂದ, ಅದಕ್ಕೆ ಜೆಲ್ ಒಂದೇ ಸಾಲದು. ಹಿಂದಿನವರು ಪಂಪಿನಲ್ಲಿ ಉಳಿದದ್ದನ್ನು ನಮ್ಮ ಮೋರಿಗೇ ಸುರಿದು, ಅಲ್ಲೇ ಪಂಪ್ ತೊಳೆದು ಹೋಗುತ್ತಿದ್ದರು. ಮುಲುಂಡಿನ ಗಟಾರದ ನೀರು ಕೊನೆಗೆ ಸೇರುವುದು ಠಾಣೆ ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿಗೆ. ಫ್ಲೆಮಿಂಗೋ ಬಂದಿಳಿಯುವ, ಕೋಲಿ ಎಂಬ ಮೀನುಗಾರ ಜನ ಬಲೆ ಬೀಸುವ ಆ ಖಾಡಿ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಮೀನು ಸಿಗಡಿಗಳು ಸಾಯಲು ಪೈರೆಥ್ರಾಯ್ಡ್ ತೀರಾ ಸ್ವಲ್ಪವೇ ಸಾಕು. ಈಗಿನವರು ಮೋರಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದರು, ಸೋರುವ ನಲ್ಲಿ ರಿಪೇರಿ ಮಾಡಿಸಿದರು, ಟೈಲ್ಸಿನ ಸಂದಿಗೆ ವೈಟ್ ಸಿಮೆಂಟ್ ತುಂಬಿಸಿದರು, ಸ್ಟೋರಿನಲ್ಲಿದ್ದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಹೊರಗೆ ಹಾಕಿಸಿದರು. ಆ ಪೆಟ್ಟಿಗೆಯ ಪದರದಲ್ಲೇ ಜಿರಳೆ ಸಂಸಾರ ಹೂಡುತ್ತದಂತೆ. ಮದ್ದಿಗಿಂತ ಈ ಕೆಲಸದಿಂದಲೇ ಹೆಚ್ಚು ಗುಣ ಕಂಡಿದೆ.

ಕೊರತೆಗಳೂ ಇವೆ. ರೇಟು ಹಿಂದಿನವರ ಒಂದೂವರೆ ಪಟ್ಟು. ಪರಿಣಾಮ ಕಾಣಲು ವಾರಕ್ಕೂ ಹೆಚ್ಚು ಬೇಕು, ಮಾರನೆಯ ದಿನವೇ ರಾಶಿ ಬಿದ್ದಿರಬೇಕು ಎನ್ನುವವರಿಗೆ ಇವರು ಆಗುವುದಿಲ್ಲ. ಹೇಳಿದ ಹೊತ್ತಿಗೆ ಬರುವುದು ಕಡಿಮೆ, ಮಳೆಗಾಲದಲ್ಲಂತೂ ಎರಡು ಸಲ ಫೋನ್ ಮಾಡಬೇಕು. ಇಲಿಯ ಕೆಲಸದಲ್ಲಿ ಅಷ್ಟು ಪಳಗಿಲ್ಲ. ಇಮಿಡಾಕ್ಲೋಪ್ರಿಡ್ ಕೂಡ ಸಾಧು ಮದ್ದಲ್ಲ, ಜೇನ್ನೊಣಕ್ಕೆ ಕಂಟಕವೆಂದು ಯುರೋಪಿನವರು 2018ರಲ್ಲಿ ಅದನ್ನು ಬಯಲಿನ ಹೊಲಗಳಲ್ಲಿ ಬಳಸುವುದನ್ನು ನಿಷೇಧಿಸಿದ್ದಾರೆ. ಮುಚ್ಚಿದ ಸಂದಿಯಲ್ಲಿ, ಬಿಂದುವಿನ ಲೆಕ್ಕದಲ್ಲಿ ಬಳಸುವುದರಿಂದ ನಾನು ಒಪ್ಪಿಕೊಂಡಿದ್ದೇನೆ.

ಹುಡುಗರ ಮಾಳದಲ್ಲಿ ತಿಗಣೆ ಆದಾಗ ಅಕ್ಕಿ ಚೀಲಕ್ಕೆ ಇಡುವ ಮಾತ್ರೆ ಇಡೋಣವೇ ಎಂದು ಯಾರೋ ಸಲಹೆ ಕೊಟ್ಟರು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ, ಗೋಡೆಯ ಬಿರುಕಿನಿಂದ ಪಕ್ಕದ ಮನೆಗೂ ನುಗ್ಗುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ. "ಅಣ್ಣಾ, ಜನ ಮಲಗುವ ಜಾಗಕ್ಕೆ ಆ ಮಾತ್ರೆ ನಾವು ಇಡುವುದಿಲ್ಲ, ಬೇರೆಯವರಿಂದಲೂ ಇಡಿಸಬೇಡಿ" ಎಂದು ತಮ್ಮ ಖಡಾಖಂಡಿತ ಹೇಳಿದ. ಬಿಸಿ ಹಬೆಯ ಯಂತ್ರ ತಂದು ಮಂಚದ ಸಂದುಗಳಿಗೆ ಹಿಡಿದ, ಹಳೆಯ ಹಾಸಿಗೆಗಳನ್ನು ಎಸೆಯಿಸಿದ. ಎರಡು ಸುತ್ತು ಬೇಕಾಯಿತು, ಖರ್ಚೂ ಆಯಿತು.

ಈ ವರ್ಷದ ಕಾಂಟ್ರಾಕ್ಟನ್ನೂ ಅವರಿಗೇ ಕೊಟ್ಟಿದ್ದೇನೆ. ಪ್ರತಿ ಬಿಲ್ಲಿನಲ್ಲೂ ಮದ್ದಿನ ಹೆಸರು, ಪ್ರಮಾಣ, ಹಾಕಿದ ಜಾಗ ಬರೆದುಕೊಡುತ್ತಾರೆ, ಅದರ ಒಂದು ಪ್ರತಿಯನ್ನು ಮಾಳದ ಮೆಟ್ಟಿಲ ಹತ್ತಿರ ಅಂಟಿಸಿದ್ದೇವೆ. ಅವರ ಕಾರ್ಡ್ ಬೇಕಾದ ಹೋಟೆಲಿನವರು ಗಲ್ಲಾದಲ್ಲಿ ಬಂದು ಕೇಳಿ, ಮಧ್ಯಾಹ್ನ ಮೂರರ ಮೇಲೆ ನಾನು ಅಲ್ಲೇ ಇರುತ್ತೇನೆ.