ಶಿರಸಿಯ ಗುಡಿಗಾರರು ಕೆತ್ತಿಕೊಟ್ಟ 1927ರ ಡೆಲಾಜ್ ಕಾರು

ಹಳೆಯ ರೇಸ್ ಕಾರುಗಳ ಹುಚ್ಚಿರುವವರು ಶಿರಸಿಯ ಗುಡಿಗಾರರ ಹತ್ರ ಒಂದು ಮಾಡೆಲ್ ಮಾಡಿಸಿ ನೋಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಗಣಪತಿ, ಆನೆ, ದೇವರ ಮಂಟಪ, ಬೆಂಡಿನ ಬಾಸಿಂಗ ಮಾಡುವ ಮನೆಯಲ್ಲಿ ಗ್ರ್ಯಾನ್ ಪ್ರಿ, ಅಂದ್ರೆ ದೊಡ್ಡ ಅಂತರರಾಷ್ಟ್ರೀಯ ಕಾರ್ ರೇಸಿನ ಕಾರು ಸಿಗುತ್ತದೆ ಅಂದ್ರೆ ಯಾರೂ ನಂಬುವುದಿಲ್ಲ. ಆದರೆ ಸಿಗುತ್ತದೆ. ನಾನು ಮಾಡಿಸಿದ್ದು ಫ್ರಾನ್ಸಿನ ಡೆಲಾಜ್ ಕಂಪನಿಯ 1927ರ ರೇಸ್ ಕಾರು, 15-ಎಸ್-8. ಶಿವಣಿ ಮರ, 14 ಇಂಚು ಉದ್ದ, 8,500 ರೂಪಾಯಿ.

ಅಂಗಡಿ ಅಂದ್ರೆ ಶೋರೂಮ್ ಅಲ್ಲ. ಮನೆಯ ಜಗಲಿಯಲ್ಲೇ ಕೆಲಸ, ಅಲ್ಲೇ ವ್ಯಾಪಾರ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಬೇಕಾದವರು ನನ್ನನ್ನು ಕೇಳಿ, ಅವರ ಒಪ್ಪಿಗೆ ತಗೊಂಡು ದಾರಿ ಹೇಳುತ್ತೇನೆ.

ಯಾಕೆ ಈ ಕಾರೇ ಅಂತ ಕೇಳಬಹುದು. ಪೇಟೆಯಲ್ಲಿ ಸಿಗುವ ಮಾಡೆಲ್‌ಗಳೆಲ್ಲ ಹೆಚ್ಚುಕಡಿಮೆ 1950ರ ಮೇಲಿನವು, ಅಂದ್ರೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ ಶುರುವಾದ ಮೇಲಿನವು. ರೇಸಿಂಗ್ ಶುರುವಾದದ್ದೇ ಆ ವರ್ಷ ಅನ್ನುವ ಹಾಗೆ ಜನ ಮಾತಾಡುತ್ತಾರೆ, ನನಗೆ ಅದು ಬೇಜಾರು. ಮೊದಲ ಫ್ರೆಂಚ್ ಗ್ರ್ಯಾನ್ ಪ್ರಿ ನಡೆದದ್ದು 1906ರಲ್ಲಿ. ಕಾರು ಕಂಪನಿಗಳಿಗೆ ವಿಶ್ವ ಚಾಂಪಿಯನ್‌ಶಿಪ್ ಅಂತ ಮಾಡಿದ್ದು 1925ರಲ್ಲಿ. ಆ ಪ್ರಶಸ್ತಿ ಓಡಿಸಿದವನಿಗಲ್ಲ, ಕಾರು ಮಾಡಿದವರಿಗೆ. ಮೊದಲ ವರ್ಷ ಆಲ್ಫಾ ರೋಮಿಯೋ, ಮರುವರ್ಷ ಬುಗಾಟಿ, 1927ರಲ್ಲಿ ಡೆಲಾಜ್. 1928ರಲ್ಲಿ ಅದು ಯಾರಿಗೂ ಸಿಗಲಿಲ್ಲ.

ಆ 1927ರ ಕಥೆ ಗೊತ್ತಿದ್ರೆ ಮಾತ್ರ ಈ ಮರದ ಕಾರಿನಲ್ಲಿ ನನಗೇನು ಮುಖ್ಯ ಅಂತ ಅರ್ಥ ಆಗುತ್ತದೆ, ಹಾಗಾಗಿ ಸ್ವಲ್ಪ ಹೇಳಲೇಬೇಕು. 1926ರಿಂದ ನಿಯಮ ಬದಲಾಗಿ ಎಂಜಿನ್ 1.5 ಲೀಟರ್ ಮೀರುವ ಹಾಗಿರಲಿಲ್ಲ. ಡೆಲಾಜ್ ಕಂಪನಿಯ ಎಂಜಿನಿಯರ್ ಅಲ್ಬೇರ್ ಲೋರಿ ಅಷ್ಟರಲ್ಲೇ ಸಾಲಾಗಿ ಎಂಟು ಸಿಲಿಂಡರ್ ಕೂರಿಸಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಹಾಕಿ, ತಿರುಗುವ ಜಾಗಕ್ಕೆಲ್ಲ ಬಾಲ್ ಬೇರಿಂಗ್, ರೋಲರ್ ಬೇರಿಂಗ್ ತುಂಬಿದರು. 1927ರ ಹೊತ್ತಿಗೆ ಅದು ನಿಮಿಷಕ್ಕೆ 8,000 ಸುತ್ತಿನಲ್ಲಿ ಸುಮಾರು 170 ಅಶ್ವಶಕ್ತಿ ಕೊಡುತ್ತಿತ್ತು. ನಾವು ಇವತ್ತು ಓಡಿಸುವ ಸಾದಾ 1.5 ಲೀಟರ್ ಪೆಟ್ರೋಲ್ ಕಾರು 100ರ ಆಸುಪಾಸು. ನೂರು ವರ್ಷದ ಹಿಂದಿನ ಲೋಹ, ಎಣ್ಣೆ, ಪೆಟ್ರೋಲಿನಲ್ಲಿ ಇದನ್ನು ಮಾಡಿದ್ದಾರೆ ನೋಡಿ.

ಆದರೆ 1926ರಲ್ಲಿ ಈ ಕಾರು ತನ್ನ ಚಾಲಕರನ್ನೇ ಸುಟ್ಟಿತು. ಚಾಲಕ ಕೂರುವುದು ಬಲಗಡೆ, ಬಿಸಿ ಹೊಗೆಯ ಸೈಲೆನ್ಸರ್ ಪೈಪು ಹೋಗುವುದೂ ಬಲಗಡೆ, ಅವನ ಕಾಲಿನ ಪಕ್ಕದಲ್ಲೇ. ಸ್ಪೇನಿನ ಬಿಸಿಲಲ್ಲಿ, ಸಾನ್ ಸೆಬಾಸ್ಟಿಯನ್‌ನಲ್ಲಿ, ಓಡಿಸುವವರು ಒಬ್ಬೊಬ್ಬರಾಗಿ ತಡೆಯಲಾರದೆ ಇಳಿದರು. ರೇಸ್ ನೋಡಲಿಕ್ಕೆ ಬಂದಿದ್ದ ರೊಬೇರ್ ಸೆನೆಶಾಲ್‌ನನ್ನು ಕರೆದು ಕಾರಿನಲ್ಲಿ ಕೂರಿಸಬೇಕಾಯಿತು. ಮುಂದಿನ ತಿಂಗಳು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ರೇಸಿನ ನಡುವೆ ಕಾರು ನಿಲ್ಲಿಸುವ ಪಿಟ್‌ಗೆ ಬಂದ ಚಾಲಕರು ಸುಟ್ಟ ಕಾಲನ್ನು ನೀರಿಗೆ ಇಳಿಬಿಟ್ಟರು. ಆ ರೇಸನ್ನು ಸೆನೆಶಾಲ್ ಮತ್ತು ಲೂಯಿ ವಾಗ್ನರ್ ಒಂದೇ ಕಾರನ್ನು ಹಂಚಿಕೊಂಡು ಗೆದ್ದರು, ಅದು ಬೇರೆ ಮಾತು. ಚಳಿಗಾಲದಲ್ಲಿ ಲೋರಿ ಎಂಜಿನ್ನಿನ ರಚನೆಯನ್ನೇ ಬದಲಿಸಿ ಸೈಲೆನ್ಸರ್ ಪೈಪನ್ನು ಎಡಗಡೆಗೆ ಹಾಕಿದರು.

ಆಮೇಲೆ 1927ರಲ್ಲಿ ಆದದ್ದು ಹೀಗೆ. ಜುಲೈ 3, ಪ್ಯಾರಿಸ್ ಹತ್ತಿರದ ಮೋಂತ್ಲೇರಿಯಲ್ಲಿ 600 ಕಿ.ಮೀ. ಫ್ರೆಂಚ್ ಗ್ರ್ಯಾನ್ ಪ್ರಿ: ರೊಬೇರ್ ಬೆನುವಾ ಮೊದಲು, ಬೂರ್ಲಿಯೇ ಎರಡು, ಮೊರೆಲ್ ಮೂರು, ಮೂವರೂ ಡೆಲಾಜ್. ಬುಗಾಟಿ ತಂಡ ರೇಸಿಗೆ ಮೊದಲೇ ಹಿಂದೆ ಸರಿದಿತ್ತು. ಸ್ಪೇನಿನಲ್ಲಿ ಮಾತ್ರ ನಿಜವಾದ ಜಿದ್ದು, ಬುಗಾಟಿಯ ಮತೆರಾಸ್ಸಿ ಗೋಡೆಗೆ ಗುದ್ದುವ ತನಕ ಬೆನುವಾಗೆ ಸಮಾಧಾನ ಇರಲಿಲ್ಲ. ಇಟಲಿಯ ಮೊಂಜಾದಲ್ಲಿ ಡೆಲಾಜ್ ಕಳಿಸಿದ್ದು ಒಂದೇ ಕಾರು. ಎರಡನೆಯವನಾಗಿ ಓಎಂ ಅನ್ನುವ ಇಟಲಿಯ ಕಂಪನಿಯ ಕಾರಿನಲ್ಲಿ ಬಂದ ಮೊರಾಂಡಿ 20 ನಿಮಿಷಕ್ಕೂ ಜಾಸ್ತಿ ಹಿಂದಿದ್ದ. ಅಕ್ಟೋಬರ್ 1ಕ್ಕೆ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮತ್ತೆ ಮೊದಲ ಮೂರೂ ಡೆಲಾಜ್. ನಾಲ್ಕು ರೇಸ್, ನಾಲ್ಕರಲ್ಲೂ ಬೆನುವಾ. ಚಾಂಪಿಯನ್‌ಶಿಪ್ಪಿನ ಲೆಕ್ಕಕ್ಕೆ ಸೇರಿದ್ದ ಐದನೆಯದು ಅಮೆರಿಕದ ಇಂಡಿಯಾನಾಪೊಲಿಸ್, ಅಲ್ಲಿಗೆ ಡೆಲಾಜ್ ಹೋಗಲೇ ಇಲ್ಲ.

ಹಾಗಾಗಿ 1926ರ ಕಾರಿಗೂ 1927ರ ಕಾರಿಗೂ ಇರುವ ದೊಡ್ಡ ವ್ಯತ್ಯಾಸ ಆ ಪೈಪು ಯಾವ ಬದಿಗಿದೆ ಅನ್ನುವುದು. ನಾನು ಗುಡಿಗಾರರಿಗೆ ಎರಡೂ ವರ್ಷದ ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟಿದ್ದೆ, ಮೂತಿ, ಬಾಲ, ಚಕ್ರ ಎಲ್ಲ ಕೋನದಿಂದ ಕಾಣಲಿ ಅಂತ. ಅದರ ಮೇಲೆ ಏನೂ ಬರೆದಿರಲಿಲ್ಲ. ಹಿರಿಯರು ಫೋಟೋಗಳನ್ನು ಜಗಲಿಯ ಮೇಲೆ ಹರಡಿ ನೋಡಿದವರೇ ಕೇಳಿದರು: "ತಮ್ಮಾ, ಇದ್ರಲ್ಲಿ ಪೈಪು ಈ ಬದಿಗೆ ಇದ್ದು, ಅದ್ರಲ್ಲಿ ಆ ಬದಿಗೆ. ನಂಗೆ ಯಾವ್ದು ಕೆತ್ತೂಕೆ ಹೇಳ್ತೆ?" ಅವರಿಗೆ ಡೆಲಾಜ್ ಅಂದ್ರೆ ಏನು ಅಂತ ಗೊತ್ತಿಲ್ಲ, ಬೆನುವಾ ಗೊತ್ತಿಲ್ಲ. ಕಣ್ಣು ಮಾತ್ರ ತಪ್ಪಲಿಲ್ಲ. ನಾನು ಕಥೆ ಹೇಳಿದೆ. ಕಾಲು ಸುಟ್ಟ ವಿಷಯ ಕೇಳಿ ಅವರ ಮಗ ಕೆಲಸ ನಿಲ್ಲಿಸಿ ಹತ್ತಿರ ಬಂದು ಕೂತ. ಈ ಮೊದಲು ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಇದೇ ಕಾರಿನ ಲೋಹದ ಮಾಡೆಲ್ ತರಿಸಿದ್ದೆ. ಡಬ್ಬಿಯ ಮೇಲೆ 1927 ಅಂತ ಇತ್ತು, ಪೈಪು ಬಲಗಡೆ. ಕೇಳಿ ಬರೆದರೆ ಉತ್ತರವೇ ಬರಲಿಲ್ಲ.

ಈಗ ಕೆಲಸದ ಬಗ್ಗೆ. ಮೈ ಪೂರ್ತಿ ಒಂದೇ ತುಂಡು ಶಿವಣಿಯಲ್ಲಿದೆ, ಎಲ್ಲೂ ಜೋಡಣೆ ಇಲ್ಲ. ಡೆಲಾಜ್‌ನ ಚೆಂದ ಇರುವುದೇ ಅದು ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಾಗಿರುವುದರಲ್ಲಿ, ಆ ತಗ್ಗು ಸರಿಯಾಗಿ ಬಂದಿದೆ. ಚಾಲಕನ ಸೀಟು ನಡುವೆ ಇಲ್ಲದೆ ಬಲಕ್ಕೆ ಸರಿದಿದೆ, ಅದೂ ಸರಿ. ಸೈಲೆನ್ಸರ್ ಪೈಪನ್ನು ಬೇರೆಯಾಗಿ ಬೀಟೆ ಮರದಲ್ಲಿ ಮಾಡಿ ಎಡಗಡೆ ಕೂರಿಸಿದ್ದಾರೆ. ಬಣ್ಣ ಹಚ್ಚಿಲ್ಲ, ಬೀಟೆಯದೇ ಕಪ್ಪು. ಬೆಂಕಿ ಕಂಡ ಕಬ್ಬಿಣದ ಬಣ್ಣ ಅದಕ್ಕೆ ತಾನಾಗಿಯೇ ಇದೆ. ಇದು ನಾನು ಹೇಳಿದ್ದಲ್ಲ, ಅವರದೇ ಯೋಚನೆ, ಇಡೀ ಮಾಡೆಲ್‌ನಲ್ಲಿ ನನಗೆ ಅತೀ ಇಷ್ಟವಾದದ್ದು ಇದೇ.

ಬಣ್ಣದ ವಿಷಯದಲ್ಲಿ ಪೂರ್ತಿ ಒಪ್ಪಿಗೆ ಇಲ್ಲ. ಆ ಕಾಲದಲ್ಲಿ ದೇಶಕ್ಕೊಂದು ಬಣ್ಣ, ಫ್ರಾನ್ಸಿಗೆ ನೀಲಿ, ಇಟಲಿಗೆ ಕೆಂಪು, ಇಂಗ್ಲೆಂಡಿಗೆ ಹಸಿರು. ಮರದ ಎಳೆ ಕಾಣುವ ಹಾಗೆ ತೆಳು ನೀಲಿ ಇರಲಿ ಅಂದಿದ್ದೆ. ಎಳೆ ಕಾಣುತ್ತದೆ, ಆದರೆ ಪಾಲಿಶ್ ಹಾಕಿದ ಮೇಲೆ ನೀಲಿ ಬೇಕಾದ್ದಕ್ಕಿಂತ ಗಾಢವಾಯಿತು. ಮಾಡಿಸುವವರು ಚೂರು ಮರದ ಮೇಲೆ ಬಣ್ಣ ಮಾತ್ರ ಅಲ್ಲ, ಪಾಲಿಶ್ ಕೂಡ ಹಾಕಿಸಿ ನೋಡಿ ಹೂಂ ಅನ್ನಿ.

ಚಕ್ರಗಳು ದೊಡ್ಡ ಕೊರತೆ. ನಿಜವಾದ ಕಾರಿನ ಚಕ್ರಕ್ಕೆ ಸೈಕಲ್ಲಿನ ಹಾಗೆ ತಂತಿ ಕಡ್ಡಿಗಳು. ಮರದಲ್ಲಿ ಅಷ್ಟು ಸಪೂರ ಕಡ್ಡಿ ನಿಲ್ಲುವುದಿಲ್ಲ, ಹಾಗಾಗಿ ಅವರು ಕಡ್ಡಿಗಳನ್ನು ಚಕ್ರದ ಮೇಲೆ ಗೆರೆಯಾಗಿ ಕೆತ್ತಿದ್ದಾರೆ. ದೂರದಿಂದ ಚೆಂದ, ಹತ್ತಿರದಿಂದ ಗಾಡಿ ಚಕ್ರ. ಅವರ ಕೈ ಕೆಟ್ಟದ್ದಲ್ಲ, ಆ ಕೆಲಸಕ್ಕೆ ಮರವೇ ಸರಿಯಲ್ಲ. ಹಿತ್ತಾಳೆ ತಂತಿ ಹಾಕಿ ಮಾಡಿಕೊಡಬಹುದು, ಸಾವಿರ ರೂಪಾಯಿ ಜಾಸ್ತಿ ಆಗುತ್ತದೆ ಅಂತ ಆಮೇಲೆ ಹೇಳಿದರು. ಕೊಡುವುದು ಒಳ್ಳೇದು.

ಇನ್ನೊಂದು, ಕರಾವಳಿಯವರಿಗೆ ಮಾತ್ರ. ನಾನಿರುವುದು ಕುಮಟೆಯಲ್ಲಿ. ಮಳೆಗಾಲದ ತೇವಕ್ಕೆ ಮರ ಉಬ್ಬಿ ಹಿಂದಿನ ಚಕ್ರಗಳು ತಿರುಗುವುದನ್ನೇ ಬಿಟ್ಟವು. ಘಟ್ಟ ಹತ್ತಿಸಿ ತಗೊಂಡು ಹೋದೆ, ಅಲ್ಲೇ ಕೂತು ಅಚ್ಚಿನ ತೂತನ್ನು ಚೂರು ದೊಡ್ಡದು ಮಾಡಿ, ಉಜ್ಜಿ, ಮೇಣ ಸವರಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ, ಮೇಲಿಂದ ಚಾ ಕುಡಿಸಿ ಕಳಿಸಿದರು. ಕಾರವಾರ, ಅಂಕೋಲೆ, ಹೊನ್ನಾವರದವರು ಆರ್ಡರ್ ಕೊಡುವಾಗಲೇ ಸಮುದ್ರದ ಬದಿಗೆ ಹೋಗುವ ಮಾಡೆಲ್ ಇದು ಅಂತ ಹೇಳಿಬಿಡಿ, ಸಡಿಲ ಬಿಟ್ಟು ಮಾಡುತ್ತಾರೆ.

ಸಮಯದ ಬಗ್ಗೆ ಅವಸರ ಮಾಡಬೇಡಿ. ಚೌತಿ ಹತ್ತಿರ ಬಂದರೆ ಇಡೀ ಮನೆ ಗಣಪತಿಯ ಮಣ್ಣಿನಲ್ಲಿರುತ್ತದೆ, ಆಗ ಕಾರು ಗೀರು ಅಂತ ಫೋನು ಮಾಡುವುದು ಸರಿಯಲ್ಲ. ನನ್ನದೂ ಹೇಳಿದ ದಿನಕ್ಕೆ ಸಿಗಲಿಲ್ಲ, ಆದರೆ ತಡವಾಗುತ್ತದೆ ಅಂತ ಅವರೇ ಮುಂಚೆ ಫೋನು ಮಾಡಿ ಹೇಳಿದರು. ಅರ್ಧ ದುಡ್ಡು ಮುಂಗಡ. ಚೌಕಾಸಿ ಮಾಡಬೇಡಿ, 8,500 ಈ ಕೆಲಸಕ್ಕೆ ಕಮ್ಮಿಯೇ.

ಕಾರು ಮನೆಗೆ ಬಂದ ಮೇಲೆ ಅದರ ಪಕ್ಕ ಬೆನುವಾನ ಬಗ್ಗೆ ಒಂದು ಚೀಟಿ ಬರೆದಿಟ್ಟಿದ್ದೇನೆ. 1937ರಲ್ಲಿ ಅವನು ವಿಮಿಲ್ ಅನ್ನುವ ಇನ್ನೊಬ್ಬ ಚಾಲಕನ ಜೊತೆ ಬುಗಾಟಿಯಲ್ಲಿ 24 ಗಂಟೆಯ ಲ ಮಾನ್ ರೇಸ್ ಗೆದ್ದ. ಯುದ್ಧದಲ್ಲಿ ಬ್ರಿಟಿಷ್ ಗುಪ್ತದಳಕ್ಕೆ ಸೇರಿ ಫ್ರಾನ್ಸಿನೊಳಗೇ ಜರ್ಮನರ ವಿರುದ್ಧ ಕೆಲಸ ಮಾಡಿದ, ಸಿಕ್ಕಿಬಿದ್ದ. 1944ರ ಸೆಪ್ಟೆಂಬರಿನಲ್ಲಿ ಬುಖೆನ್‌ವಾಲ್ಡ್ ಶಿಬಿರದಲ್ಲಿ ಅವನನ್ನು ಕೊಂದರು. ಮನೆಗೆ ಬರುವ ಹುಡುಗರು ಇದನ್ನು ಓದಿ ಆಮೇಲೆ ಕಾರನ್ನು ಕೈಗೆ ತಗೊಳ್ಳುತ್ತಾರೆ. ಕಾರಿಗೂ ಆಯಸ್ಸು ಗಟ್ಟಿ. 1936ರಲ್ಲಿ ಇಂಗ್ಲೆಂಡಿನ ಡಿಕ್ ಸೀಮನ್ ಇದೇ ಹಳೆ ಡೆಲಾಜ್ ಒಂದನ್ನು ಹೊಸದಾಗಿ ಸಜ್ಜು ಮಾಡಿಸಿ, ಆಗಿನ ಹೊಸ ಕಾರುಗಳನ್ನೇ ಸೋಲಿಸಿದ.

ಎರಡನೇ ಆರ್ಡರ್ ಕೊಟ್ಟಾಗಿದೆ, ಈ ಸಲ ಹಿತ್ತಾಳೆ ಕಡ್ಡಿಯ ಚಕ್ರದ ಜೊತೆ. 1927ರದ್ದೇ ಫಿಯಟ್ 806. 12 ಸಿಲಿಂಡರಿನ ಆ ಕಾರನ್ನು ಬೋರ್ದಿನೋ ಮೊಂಜಾದಲ್ಲಿ, ಬೆನುವಾ ಇಟಾಲಿಯನ್ ಗ್ರ್ಯಾನ್ ಪ್ರಿ ಗೆದ್ದ ದಿನವೇ, ಮಿಲಾನ್ ಗ್ರ್ಯಾನ್ ಪ್ರಿ ಅನ್ನುವ ಬೇರೆ ರೇಸಿನಲ್ಲಿ ಗೆಲ್ಲಿಸಿದ. ಆಮೇಲೆ ಫಿಯಟ್ ಕಂಪನಿ ಗ್ರ್ಯಾನ್ ಪ್ರಿ ಬಿಟ್ಟಿತು, ಕಾರನ್ನೂ ಒಡೆದು ಹಾಕಿತು. ಫೋಟೋ ನೋಡಿಯೇ ಕೆತ್ತಬೇಕು. ಮುಂದಿನಿಂದ ತೆಗೆದದ್ದು ಇದೆ, ಎಡಬದಿಯದು ಸ್ಪಷ್ಟವಾಗಿಲ್ಲ, ಹಿರಿಯರು ಅದನ್ನೇ ಕೇಳುತ್ತಿದ್ದಾರೆ. ಯಾರ ಹತ್ರಾದ್ರೂ ಇದ್ರೆ ದಯವಿಟ್ಟು ಕಳಿಸಿ, ಚೌತಿ ಮುಗಿದ ಕೂಡಲೇ ಮರ ಕೊಯ್ಯುತ್ತಾರೆ.